ಅರವತ್ತು ಎಂದವರಿಗೆ ಐವತ್ತು ತೋರಿಸುವ ಸ್ಪೀಡ್ ಸೆನ್ಸರ್

ಸೈಕಲ್ ಚಕ್ರದ ನಟ್ಟನಡುವಿನ ಗುಂಬವಾದ ಹಬ್‌ಗೆ ರಬ್ಬರ್ ಪಟ್ಟಿಯಲ್ಲಿ ಬಿಗಿಯುವ, ಆಯಸ್ಕಾಂತದ ಅಗತ್ಯವಿಲ್ಲದ ಸ್ಪೀಡ್ ಸೆನ್ಸರ್‌ಗಳು ಈಗ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲೇ ಸಿಗುತ್ತಿವೆ. ಅಂಥದ್ದೊಂದನ್ನು ಕೋಲಾರದ ಸುತ್ತಮುತ್ತಲ ರಸ್ತೆಗಳಲ್ಲಿ ಬಹಳ ಕಾಲ ಬಳಸಿ ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಬ್ರಾಂಡಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ಬೆಲೆಯ ಸೆನ್ಸರ್‌ಗಳ ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ ಬಗೆಯದು, ವ್ಯತ್ಯಾಸವೇನಿದ್ದರೂ ಹೊರಗಿನ ಪ್ಲಾಸ್ಟಿಕ್ಕು, ಪಟ್ಟಿ ಮತ್ತು ಮುಚ್ಚಳದ ಗುಣಮಟ್ಟದಲ್ಲಿ. ರೋಡ್ ಬೈಕ್ ಓಡಿಸುವ ನಮ್ಮಂಥ ಹವ್ಯಾಸಿಗಳಲ್ಲಿ ಹಲವರು ಇದನ್ನು ತರಿಸಿಕೊಳ್ಳುವುದರ ಹಿಂದೆ ಒಂದೇ ಕುತೂಹಲವಿರುತ್ತದೆ: ಮಟ್ಟಸವಾದ ರಸ್ತೆಯಲ್ಲಿ, ಮುಂದೆ ಯಾರೂ ಗಾಳಿ ತಡೆಯದಿರುವಾಗ, ಜೀವ ಬಿಟ್ಟು ತುಳಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ವೇಗ ಬಂದೀತು? ಈ ಪ್ರಶ್ನೆಗೆ ಸೆನ್ಸರ್ ಕೊಡುವ ಉತ್ತರ ಫೋನ್ ಕೊಡುವ ಉತ್ತರಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ, ಮತ್ತು ಬಹುತೇಕ ಪ್ರತಿ ಸಲವೂ ಕಡಿಮೆ. ಆ ಕಡಿಮೆ ಅಂಕಿಗಾಗಿಯೇ ಇದನ್ನು ಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ಫೋನ್‌ನ ವಿಚಾರ. ಹಿಂಬದಿಯ ಜೇಬಿನಲ್ಲಿರುವ ಫೋನ್ ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ತಾನಿರುವ ಸ್ಥಳವನ್ನು ಗುರುತು ಮಾಡಿಕೊಳ್ಳುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವವನು ಒಂದು ಸೆಕೆಂಡಿನಲ್ಲಿ ಸುಮಾರು 14 ಮೀಟರ್ ದಾಟುತ್ತಾನೆ. ಆಕಾಶ ತೆರೆದಿರುವ ಕಡೆಯಲ್ಲೂ ಜಿಪಿಎಸ್ ಗುರುತು ಮೂರು ನಾಲ್ಕು ಮೀಟರ್ ಅತ್ತಿತ್ತ ಸರಿಯುವುದು ಮಾಮೂಲು. ಒಂದು ಸೆಕೆಂಡಿನಲ್ಲಿ ಮೂರು ಮೀಟರ್ ಹೆಚ್ಚಿಗೆ ಬಿದ್ದರೆ, ಗುರುತಿನಿಂದ ಗುರುತಿಗೆ ದೂರ ಅಳೆದು ವೇಗ ಲೆಕ್ಕ ಹಾಕುವ ಆ್ಯಪ್‌ನಲ್ಲಿ ಗಂಟೆಗೆ 10.8 ಕಿ.ಮೀ. ಪುಕ್ಕಟೆಯಾಗಿ ಸೇರಿಕೊಳ್ಳುತ್ತದೆ. ಐವತ್ತು ಅರವತ್ತೊಂದಾಗುವುದು ಹೀಗೆ. ಉಪಗ್ರಹದ ಸಂಕೇತದಲ್ಲಾಗುವ ಕಂಪನಾಂಕದ ಬದಲಾವಣೆಯಿಂದ ನೇರವಾಗಿ ವೇಗ ಕಂಡುಹಿಡಿಯುವ ಉಪಕರಣಗಳು ಇಷ್ಟು ತಪ್ಪುವುದಿಲ್ಲ, ಆದರೆ ಅವುಗಳೂ ಅಂಕಿಯನ್ನು ನಯಗೊಳಿಸುವ ಭರದಲ್ಲಿ ಹತ್ತು ಸೆಕೆಂಡ್ ಜೀವ ಬಿಟ್ಟು ತುಳಿಯುವ ಸ್ಪ್ರಿಂಟ್‌ನ ತುದಿಯನ್ನು ಒಮ್ಮೊಮ್ಮೆ ಸವೆಸಿಬಿಡುತ್ತವೆ. ನಮ್ಮ ಜಿಲ್ಲೆಯ ರಸ್ತೆಗಳ ಪಕ್ಕದಲ್ಲಿರುವ ನೀಲಗಿರಿ ತೋಪುಗಳು, ಹಳೆಯ ಹುಣಸೆ ಸಾಲುಗಳು ಆಕಾಶವನ್ನು ಮುಚ್ಚುವ ಕಡೆಗಳಲ್ಲಂತೂ ಜಿಪಿಎಸ್ ಹೇಳುವ ಗರಿಷ್ಠ ವೇಗವನ್ನು ಯಾರ ಮುಂದೆಯೂ ಹೇಳಿಕೊಳ್ಳಬಾರದು.

ಹಬ್ ಸೆನ್ಸರ್‌ಗೆ ಆಕಾಶದ ಹಂಗಿಲ್ಲ. ಅದರೊಳಗಿನ ಪುಟ್ಟ ಚಲನ ಸಂವೇದಕ ಚಕ್ರದ ಪ್ರತಿ ಸುತ್ತನ್ನೂ ಗುರುತಿಸಿ, ಒಟ್ಟು ಎಷ್ಟು ಸುತ್ತಾಯಿತು ಮತ್ತು ಕೊನೆಯ ಸುತ್ತು ಯಾವ ಕ್ಷಣದಲ್ಲಿ ಮುಗಿಯಿತು ಎಂಬ ಎರಡು ಸಂಗತಿಗಳನ್ನು ಹ್ಯಾಂಡಲ್ ಮೇಲಿನ ಕಂಪ್ಯೂಟರ್‌ಗೆ ಕಳಿಸುತ್ತದೆ. ಇಂಥ ಉಪಕರಣಗಳು ಬಳಸುವ ಆಂಟ್ ಪ್ಲಸ್ ಎಂಬ ನಿಸ್ತಂತು ವಿಧಾನದಲ್ಲಿ ಈ ಸಂದೇಶ ಸೆಕೆಂಡಿಗೆ ಸುಮಾರು ನಾಲ್ಕು ಬಾರಿ ಹೋಗುತ್ತದೆ. ಸಮಯದ ಅಳತೆ ಸೆಕೆಂಡಿನ 1,024ನೆಯ ಒಂದು ಭಾಗದಷ್ಟು ಸೂಕ್ಷ್ಮ. 50 ಕಿ.ಮೀ. ವೇಗದಲ್ಲಿ ರೋಡ್ ಬೈಕ್‌ನ ಚಕ್ರ ಸೆಕೆಂಡಿಗೆ ಆರೂವರೆ ಸುತ್ತಿಗಿಂತ ತುಸು ಹೆಚ್ಚು ತಿರುಗುವುದರಿಂದ ಎಣಿಕೆಗೆ ಬೇಕಾದಷ್ಟು ಸರಕು ಸಿಗುತ್ತದೆ. ಉಳಿದದ್ದು ಬರೀ ಗುಣಾಕಾರ: ಸುತ್ತುಗಳ ಸಂಖ್ಯೆಯನ್ನು ಚಕ್ರದ ಸುತ್ತಳತೆಯಿಂದ ಗುಣಿಸಬೇಕು.

ಈ ಗುಣಾಕಾರದಲ್ಲೇ ಸೆನ್ಸರ್‌ನ ಮಾನ ಮರ್ಯಾದೆ ನಿಂತಿದೆ. ಕಂಪ್ಯೂಟರ್‌ನಲ್ಲಿ ಸುತ್ತಳತೆಯನ್ನು ತುಂಬುವ ಜಾಗವಿರುತ್ತದೆ. ಪ್ರಚಲಿತ ಪಟ್ಟಿಗಳ ಪ್ರಕಾರ 700 ಎಂಬ ಅಳತೆಯ ರೋಡ್ ಬೈಕ್ ಚಕ್ರಕ್ಕೆ 25 ಮಿ.ಮೀ. ಟಯರ್ ಹಾಕಿದರೆ 2,105 ಮಿ.ಮೀ., 28 ಮಿ.ಮೀ. ಟಯರ್ ಹಾಕಿದರೆ 2,136 ಮಿ.ಮೀ. ಎಂದು ತುಂಬಬೇಕು. ಇಪ್ಪತ್ತೈದರ ಟಯರ್ ಇಟ್ಟುಕೊಂಡು ಇಪ್ಪತ್ತೆಂಟರ ಅಳತೆ ತುಂಬಿದವನಿಗೆ ಐವತ್ತರಲ್ಲಿ ಮುಕ್ಕಾಲು ಕಿಲೋಮೀಟರ್ ಹೆಚ್ಚು ಕಾಣಿಸುತ್ತದೆ. ಕೆಲವು ಕಂಪ್ಯೂಟರ್‌ಗಳು ಜಿಪಿಎಸ್ ದೂರವನ್ನು ನೋಡಿ ಸುತ್ತಳತೆಯನ್ನು ತಾವೇ ಲೆಕ್ಕ ಹಾಕಿಕೊಳ್ಳುತ್ತವೆ. ಉದ್ದನೆಯ ನೇರ ರಸ್ತೆಯಲ್ಲಿ ಆ ಲೆಕ್ಕ ಪರವಾಗಿಲ್ಲ ಎನ್ನುವಂತಿರುತ್ತದೆ, ತಿರುವುಗಳಿರುವ ಕಡೆ ನೆಚ್ಚಿಕೊಳ್ಳುವಂತಿಲ್ಲ. ಕೈಯಿಂದ ಅಳೆಯುವುದೇ ಲೇಸು. ಟಯರ್‌ಗೆ ಸವಾರಿಗೆ ಹಾಕುವಷ್ಟೇ ಗಾಳಿ ತುಂಬಿ, ಮನೆಯ ಮುಂದಿನ ಸಿಮೆಂಟ್ ನೆಲದ ಮೇಲೆ ವಾಲ್ವ್ ಕೆಳಗೆ ಬರುವಂತೆ ನಿಲ್ಲಿಸಿ, ಅಲ್ಲಿ ಚಾಕ್ ಪೀಸ್‌ನಿಂದ ಗೆರೆ ಎಳೆದು, ಸೀಟಿನ ಮೇಲೆ ಕುಳಿತು, ಇನ್ನೊಬ್ಬರು ಹಿಡಿದುಕೊಂಡಿರುವಾಗ ಚಕ್ರವನ್ನು ಮೂರು ಸುತ್ತು ನೇರವಾಗಿ ಉರುಳಿಸಿ, ವಾಲ್ವ್ ಮತ್ತೆ ಕೆಳಗೆ ಬಂದ ಜಾಗದಲ್ಲಿ ಇನ್ನೊಂದು ಗೆರೆ ಎಳೆದು, ನಡುವಿನ ದೂರವನ್ನು ಟೇಪಿನಲ್ಲಿ ಅಳೆದು ಮೂರರಿಂದ ಭಾಗಿಸಬೇಕು. ಸವಾರನ ಭಾರಕ್ಕೆ ಟಯರ್ ಅದುಮಿಕೊಳ್ಳುವುದರಿಂದ ನನ್ನ ಸೈಕಲ್ಲಿನಲ್ಲಿ ಇದು ಪಟ್ಟಿಯ ಅಳತೆಗಿಂತ ಹನ್ನೆರಡು ಹದಿಮೂರು ಮಿಲಿಮೀಟರ್ ಕಡಿಮೆ ಬಂತು. ಇದನ್ನು ಮಾಡದೆ ದಶಾಂಶದ ಮಾತಾಡುವವರೊಂದಿಗೆ ವಾದಕ್ಕಿಳಿಯುವುದರಲ್ಲಿ ಅರ್ಥವಿಲ್ಲ.

ಯಂತ್ರ ಸರಿಯಾಯಿತು, ಇನ್ನು ರಸ್ತೆ. ಕೋಲಾರ ಜಿಲ್ಲೆಯಲ್ಲಿ ಮಟ್ಟಸವಾದ ರಸ್ತೆ ಹುಡುಕುವುದು ಅಂದುಕೊಂಡಷ್ಟು ಸುಲಭವಲ್ಲ. ಬೆಂಗಳೂರಿನಿಂದ ಕೋಲಾರ, ಮುಳಬಾಗಿಲು ದಾಟಿ ಹೋಗುವ ರಾಷ್ಟ್ರೀಯ ಹೆದ್ದಾರಿ 75 ನುಣುಪಾಗಿದೆ, ಆದರೆ ಅಲೆ ಅಲೆಯಾಗಿ ಏರಿಳಿಯುತ್ತದೆ. ಅಲ್ಲದೆ ಟೊಮೆಟೊ ಕ್ರೇಟ್ ಹೇರಿಕೊಂಡು ಮಾರುಕಟ್ಟೆಗೆ ಧಾವಿಸುವ ಗಾಡಿಗಳ ನಡುವೆ ತಲೆ ತಗ್ಗಿಸಿ ಸ್ಪ್ರಿಂಟ್ ಹೊಡೆಯುವುದು ಬುದ್ಧಿವಂತರ ಕೆಲಸವಲ್ಲ. ಕಣ್ಣಿಗೆ ಸಮತಟ್ಟಾಗಿ ಕಾಣುವ ಹಳ್ಳಿ ರಸ್ತೆಗಳೂ ಮೋಸ ಮಾಡುತ್ತವೆ. ನೂರು ಮೀಟರಿಗೆ ಒಂದು ಮೀಟರ್ ಇಳಿಜಾರು ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ 55 ಕಿ.ಮೀ. ವೇಗಕ್ಕೆ ಬೇಕಾಗುವ ಶಕ್ತಿಯನ್ನೇ ಹಾಕಿದವನನ್ನು ಅದು 59ರ ಹತ್ತಿರಕ್ಕೆ ತಂದು ಬಿಡುತ್ತದೆ.

ನನಗೆ ಒಗ್ಗಿದ್ದು ಕೆರೆ ಏರಿ. ನಮ್ಮ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯ ಭಾಗ್ಯವಿಲ್ಲದಿದ್ದರೂ ಕೆರೆಗಳಿಗೆ ಕೊರತೆಯಿಲ್ಲ, ಮತ್ತು ಕೆರೆ ಏರಿಯ ನೆತ್ತಿ ಮಟ್ಟಸವಾಗಿ ಇರಲೇಬೇಕು. ಎಲ್ಲಾದರೂ ತಗ್ಗಿದ್ದರೆ ತುಂಬಿದ ಕೆರೆ ಕೋಡಿಯನ್ನು ಬಿಟ್ಟು ಅಲ್ಲಿಂದಲೇ ಒಡೆದುಕೊಂಡು ಹೋಗುತ್ತದೆ. ನೀರನ್ನು ನಂಬಿ ಕಟ್ಟಿದ ಮಟ್ಟಕ್ಕಿಂತ ಬೇರೆ ಮಟ್ಟ ಬೇಕಿಲ್ಲ. ಡಾಂಬರು ಹಾಕಿದ, ಅಗಲವಾದ, ಕಲ್ಲಿನ ತಡೆ ಇರುವ ಏರಿ ಸಿಕ್ಕರೆ ಸ್ಪ್ರಿಂಟ್ ಅಳೆಯಲು ಅದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಎರಡು ಎಚ್ಚರಿಕೆಗಳಿವೆ. ಏರಿಗಳು ಸಾಮಾನ್ಯವಾಗಿ ಬಾಗಿರುತ್ತವೆ, ಎದುರಿನಿಂದ ಬರುವ ಟ್ರ್ಯಾಕ್ಟರ್ ಕಾಣುವಷ್ಟು ನೇರ ಭಾಗವನ್ನು ಮಾತ್ರ ಬಳಸಬೇಕು. ಎರಡನೆಯದಾಗಿ ಅಲ್ಲಿ ಗಾಳಿಗೆ ತಡೆಯಿಲ್ಲ. ಕೆರೆಯ ಅಂಗಳದಿಂದ ಬೀಸುವ ಅಡ್ಡಗಾಳಿ ಬೆಳಗಿನ ಏಳೂವರೆಯ ಮೇಲೆ ಜೋರಾಗುತ್ತದೆ. ಅಳತೆಗೆ ಹೋಗುವವರು ಸೂರ್ಯ ಹುಟ್ಟುವ ಹೊತ್ತಿಗೇ ಅಲ್ಲಿರಬೇಕು.

ಗಾಳಿಯ ಪಾತ್ರವನ್ನು ಎಷ್ಟು ಹೇಳಿದರೂ ಕಡಿಮೆಯೇ. ಶಾಂತ ಗಾಳಿಯಲ್ಲಿ 55 ಕಿ.ಮೀ. ಹೋಗಬಲ್ಲ ಸವಾರನಿಗೆ ಗಂಟೆಗೆ ಬರೀ 10 ಕಿ.ಮೀ. ಬೀಸುವ ಗಾಳಿ ಹಿಂದಿನಿಂದ ಸಿಕ್ಕರೆ 61ರ ಮೇಲಕ್ಕೆ ಹೋಗುತ್ತಾನೆ, ಎದುರಿನಿಂದ ಸಿಕ್ಕರೆ 49ಕ್ಕೆ ಇಳಿಯುತ್ತಾನೆ. ಹತ್ತು ಕಿಲೋಮೀಟರ್ ಗಾಳಿ ಎಂದರೆ ಅರಳಿ ಎಲೆ ಅಲುಗುವಷ್ಟು, ನಿಂತವನಿಗೆ ಹಿತವೆನಿಸುವಷ್ಟು. ಆದ್ದರಿಂದ ಒಂದೇ ರಸ್ತೆಯಲ್ಲಿ ಹೋಗುವಾಗೊಮ್ಮೆ ಬರುವಾಗೊಮ್ಮೆ ತುಳಿದು, ನಡುವೆ ಸಾಕಷ್ಟು ದಣಿವಾರಿಸಿಕೊಂಡು, ಎರಡರ ಸರಾಸರಿ ತೆಗೆದುಕೊಳ್ಳದೆ ಹೇಳುವ ಸ್ಪ್ರಿಂಟ್ ವೇಗಕ್ಕೆ ಕವಡೆ ಬೆಲೆಯಿಲ್ಲ. ಹೀಗೆ ಏರಿಯ ಮೇಲೆ ಹೋಗಿ ಬಂದು ಮಾಡುತ್ತಿದ್ದಾಗ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು, ‘ಏನ್ ಸಾರ್, ಆವಾಗ್ಲಿಂದ ಇದೇ ರೋಡ್ನಾಗೆ ಹೋಗ್ತೀರ ಬರ್ತೀರ, ಏನಾನ ಕಳ್ಕೊಂಡ್ರಾ?’ ಎಂದು ವಿಚಾರಿಸಿದ್ದುಂಟು. ಎರಡು ದಿಕ್ಕಿನ ಸರಾಸರಿಯ ತತ್ತ್ವವನ್ನು ಅವರಿಗೆ ಒಪ್ಪಿಸುವುದು ನನ್ನಿಂದಾಗಲಿಲ್ಲ.

ಹಾಗಾದರೆ ಹವ್ಯಾಸಿಯೊಬ್ಬನಿಂದ ಎಷ್ಟು ನಿರೀಕ್ಷಿಸಬಹುದು? ಇದಕ್ಕೆ ಊಹೆಗಿಂತ ಲೆಕ್ಕ ವಾಸಿ. ಸವಾರ ಮತ್ತು ಸೈಕಲ್ ಸೇರಿ 85 ಕಿಲೋ, ಹ್ಯಾಂಡಲ್‌ನ ಕೆಳಬಾಗು ಹಿಡಿದು ಬಾಗಿದ ಭಂಗಿ, ಸಾಧಾರಣ ಟಯರ್, ಕೋಲಾರದ ಎತ್ತರದ ಗಾಳಿ ಎಂದು ಇಟ್ಟುಕೊಂಡರೆ, ಮಟ್ಟಸ ರಸ್ತೆಯಲ್ಲಿ 40 ಕಿ.ಮೀ. ವೇಗವನ್ನು ಕಾಯ್ದುಕೊಳ್ಳಲು ಸುಮಾರು 275 ವ್ಯಾಟ್ ಬೇಕು. 45ಕ್ಕೆ 375, 50ಕ್ಕೆ 500, 55ಕ್ಕೆ 650, 60ಕ್ಕೆ 830 ವ್ಯಾಟ್. ಎಪ್ಪತ್ತು ಮುಟ್ಟಬೇಕಾದರೆ 1,300ರ ಹತ್ತಿರ. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಬೆಳೆಯುವುದರಿಂದ ನಲವತ್ತರಿಂದ ನಲವತ್ತೈದಕ್ಕೆ ಹೋಗಲು ನೂರು ವ್ಯಾಟ್ ಸಾಕಾದರೆ, ಐವತ್ತೈದರಿಂದ ಅರವತ್ತಕ್ಕೆ ನೂರ ಎಂಬತ್ತು ಬೇಕು. ವ್ಯಾಯಾಮ ಮಾಡಿಕೊಂಡಿರುವ ಹವ್ಯಾಸಿ ಐದು ಸೆಕೆಂಡಿನ ಮಟ್ಟಿಗೆ 800, 900 ವ್ಯಾಟ್ ಹಾಕಬಲ್ಲ ಎಂಬುದೇನೋ ನಿಜ. ಈ ಅಂಕಿಯನ್ನು ನೋಡಿ ಅರವತ್ತು ಸುಲಭವೆಂದುಕೊಳ್ಳುವವರು ಅನೇಕರು.

ಅವರ ಲೆಕ್ಕ ತಪ್ಪುವುದು ವೇಗ ಹೆಚ್ಚಿಸುವ ಖರ್ಚಿನಲ್ಲಿ. 35ರಿಂದ 55ಕ್ಕೆ ಏರಲು ಆ 85 ಕಿಲೋ ತೂಕಕ್ಕೆ ಸುಮಾರು 5,900 ಜೂಲ್ ಚಲನ ಶಕ್ತಿಯನ್ನು ತುಂಬಬೇಕು. ಇದನ್ನು ಹತ್ತು ಸೆಕೆಂಡಿನಲ್ಲಿ ತುಂಬುವುದಾದರೆ ಪ್ರತಿ ಕ್ಷಣವೂ 590 ವ್ಯಾಟ್ ಇದಕ್ಕೇ ಹೋಗುತ್ತದೆ, ಗಾಳಿಗೆ ಮತ್ತು ರಸ್ತೆಗೆ ತೆರಬೇಕಾದ್ದು ಬೇರೆ. ಕಾಲಿನ ಸ್ನಾಯುಗಳಲ್ಲಿ ತಕ್ಷಣಕ್ಕೆ ಸಿಗುವ ಶಕ್ತಿಯ ದಾಸ್ತಾನು ಹತ್ತು ಸೆಕೆಂಡಿನ ಸುಮಾರಿಗೆ ಬರಿದಾಗುತ್ತದೆ. ಹೀಗಾಗಿ ಅತಿ ಹೆಚ್ಚು ವ್ಯಾಟ್ ಬರುವುದು ಮೊದಲ ಮೂರು ನಾಲ್ಕು ಸೆಕೆಂಡಿನಲ್ಲಿ, ಅತಿ ಹೆಚ್ಚು ವೇಗ ಬರುವುದು ಅದಾದ ಬಳಿಕ, ಕಾಲು ಆಗಲೇ ಸೋಲತೊಡಗಿದಾಗ. ಸೆನ್ಸರ್‌ನ ರೇಖೆಯನ್ನು ಮನೆಗೆ ಬಂದು ತೆರೆದು ನೋಡಿದರೆ ಇದು ಎದ್ದು ಕಾಣುತ್ತದೆ: ಆರಂಭದಲ್ಲಿ ಕಡಿದಾದ ಏರು, ಎಂಟು ಹತ್ತು ಸೆಕೆಂಡಿನ ಬಳಿ ಬಾಗುವ ನೆತ್ತಿ, ಆಮೇಲೆ ತುಳಿತ ನಿಂತಿಲ್ಲದಿದ್ದರೂ ಇಳಿಯುವ ಗೆರೆ. ಜಿಪಿಎಸ್ ರೇಖೆಯಲ್ಲಿ ಈ ಆಕಾರ ಇರುವುದಿಲ್ಲ, ಒಂದು ಮುಳ್ಳು ಇರುತ್ತದೆ ಅಷ್ಟೆ. ಈ ಸೆನ್ಸರ್‌ನಿಂದ ನನಗೆ ಸಿಕ್ಕ ಅತ್ಯಂತ ಉಪಯುಕ್ತ ವಿಷಯ ಗರಿಷ್ಠ ಅಂಕಿಗಿಂತ ಈ ಆಕಾರವೇ. ನೆತ್ತಿ ತಡವಾಗಿ ಬಂದು ಬೇಗ ಬಿದ್ದರೆ ಸ್ಪ್ರಿಂಟ್ ಶುರುವಾದಾಗಿನ ವೇಗ ಕಡಿಮೆಯಿತ್ತು ಎಂದರ್ಥ. ಇನ್ನಷ್ಟು ವೇಗ ಕೂಡಿಸಿಕೊಂಡು ಬಂದು ಸ್ಪ್ರಿಂಟ್ ಶುರು ಮಾಡಬೇಕು. ನೆತ್ತಿಯೇ ಇಲ್ಲದೆ ಗೆರೆ ಚಪ್ಪಟೆಯಾಗಿ ನಿಂತರೆ ಗೇರು ಮುಗಿದಿದೆ.

ಗೇರಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಕಡೆ ಸ್ಪ್ರಿಂಟ್‌ಗೆ ಬರುವವರಲ್ಲಿ ಅರ್ಧದಷ್ಟು ಮಂದಿ ಹೈಬ್ರಿಡ್ ಸೈಕಲ್ಲಿನವರು. ಮುಂದೆ 48 ಹಲ್ಲು, ಹಿಂದೆ ಅತಿ ಚಿಕ್ಕದೇ 14 ಹಲ್ಲು ಇರುವ ಏಳು ಗೇರಿನ ಸೈಕಲ್ಲಿನಲ್ಲಿ, ದಪ್ಪ ಟಯರ್ ಇದ್ದರೂ, ಪೆಡಲ್ ನಿಮಿಷಕ್ಕೆ ನೂರು ಸುತ್ತು ತಿರುಗಿದಾಗ ವೇಗ 44ರ ಸುಮಾರು. ಅದಕ್ಕಿಂತ ಮೇಲೆ ಹೋಗಬೇಕೆಂದರೆ ಸೀಟಿನ ಮೇಲೆ ಕುಣಿಯುತ್ತಾ ನೂರಿಪ್ಪತ್ತು ಸುತ್ತು ತುಳಿಯಬೇಕು, ಅದು ಎಲ್ಲರಿಗೂ ಸಾಧ್ಯವಿಲ್ಲ. ಮುಂದೆ 50, ಹಿಂದೆ 11 ಇರುವ ರೋಡ್ ಬೈಕ್‌ನಲ್ಲಿ ಅದೇ ನೂರು ಸುತ್ತಿಗೆ 57 ಕಿ.ಮೀ., ನೂರ ಹತ್ತಕ್ಕೆ 63. ಅಂದರೆ ದುಬಾರಿ ರೇಸ್ ಗೇರು ಇಲ್ಲದ್ದಕ್ಕೆ ಅರವತ್ತು ಬರಲಿಲ್ಲ ಎಂದು ರೋಡ್ ಬೈಕ್‌ನವರು ಹೇಳುವಂತಿಲ್ಲ; ಹೈಬ್ರಿಡ್‌ನವರು ಧಾರಾಳವಾಗಿ ಹೇಳಬಹುದು.

ನಮ್ಮ ಗುಂಪಿನಲ್ಲಿ ಹಲವರ ಚಕ್ರಕ್ಕೆ ಈ ಸೆನ್ಸರನ್ನು ಸರದಿಯ ಮೇಲೆ ಕಟ್ಟಿ, ಪ್ರತಿಯೊಬ್ಬರ ಸುತ್ತಳತೆ ಬದಲಿಸಿ, ಏರಿಯ ಮೇಲೆ ಎರಡೂ ದಿಕ್ಕಿನಲ್ಲಿ ಓಡಿಸಿದ್ದೇವೆ. ವಾರಕ್ಕೊಮ್ಮೆ ಮಾತ್ರ ಸೈಕಲ್ ಹತ್ತುವವರು 38ರಿಂದ 42ರವರೆಗೆ, ನಿಯಮಿತವಾಗಿ ಓಡಿಸುವ ನಡುವಯಸ್ಸಿನವರು 44ರಿಂದ 48ರವರೆಗೆ ಬಂದರು. ನಾನೂ ಈ ಗುಂಪಿನವನೇ. ಕಟ್ಟುಮಸ್ತಾದ ಇಬ್ಬರು ತರುಣರು ಐವತ್ತನ್ನು ದಾಟಿದರು. ಅವರಲ್ಲೊಬ್ಬ ಕಾಲೇಜು ಹುಡುಗ, ಪರದೆಯ ಮೇಲೆ 52 ಕಂಡಾಗ, ‘ಅಣ್ಣಾ, ಫೋನ್‌ನಲ್ಲಿ ಅರವತ್ತೊಂದು ಬಂದಿತ್ತಲ್ಲ, ಇದು ಕೆಟ್ಟೋಗಿದೆ ಅನ್ಸುತ್ತೆ’ ಎಂದ. ಕೆಟ್ಟಿರಲಿಲ್ಲ. ಅವನ 52 ನಿಜಕ್ಕೂ ಒಳ್ಳೆಯ ವೇಗ. ಆದರೆ ಅರವತ್ತೊಂದನ್ನು ಒಮ್ಮೆ ನಂಬಿದವನಿಗೆ ಅದು ಸೋಲಿನಂತೆ ಕಾಣುತ್ತದೆ. ಸುಳ್ಳು ಅಂಕಿಯಿಂದಾಗುವ ಹಾನಿ ಇದೇ. ಲೆಕ್ಕದ ಪ್ರಕಾರವೂ ರೇಸ್‌ಗೆಂದು ತರಬೇತಿ ಪಡೆದ ಹವ್ಯಾಸಿ ಒಬ್ಬಂಟಿಯಾಗಿ ಐವತ್ತರ ಮಧ್ಯಭಾಗದಲ್ಲಿ ಇರುತ್ತಾನೆ, ಅರವತ್ತನ್ನು ಮುಟ್ಟುವವನು ಸ್ಪ್ರಿಂಟ್‌ಗೇ ಹುಟ್ಟಿದ ಮೈಕಟ್ಟಿನವನಾಗಿರಬೇಕು.

ವೃತ್ತಿಪರರ ಅಂಕಿಗಳನ್ನು ಪಕ್ಕದಲ್ಲಿಟ್ಟರೆ ಇದು ಸ್ಪಷ್ಟವಾಗುತ್ತದೆ. ಅಧ್ಯಯನವೊಂದು ವೃತ್ತಿಪರರ ರಸ್ತೆ ರೇಸ್‌ಗಳ ಅಂತಿಮ ಸ್ಪ್ರಿಂಟ್‌ಗಳನ್ನು ಅಳೆದಾಗ, ಅವು ಸುಮಾರು 13 ಸೆಕೆಂಡ್ ನಡೆದಿದ್ದವು, ಸರಾಸರಿ ವೇಗ 64 ಕಿ.ಮೀ. ಸುತ್ತಮುತ್ತ, ಸರಾಸರಿ ಶಕ್ತಿ ಸಾವಿರ ವ್ಯಾಟ್‌ಗಿಂತ ತುಸು ಹೆಚ್ಚು. ಮೇಲೆ ಹೇಳಿದ ಲೆಕ್ಕಕ್ಕೂ ಇದಕ್ಕೂ ಹೊಂದಿಕೆಯಿದೆ. ಆದರೆ ಅವರು ತಂಡದವರ ಬೆನ್ನ ಹಿಂದೆ ಗಾಳಿ ತಪ್ಪಿಸಿಕೊಂಡು, ಆಗಲೇ ಬಹಳ ವೇಗದಲ್ಲಿರುವಾಗ ಹಾರುತ್ತಾರೆ. ಮೂವತ್ತೈದರಿಂದ ಮೇಲೇರುವ ಖರ್ಚು ಅವರಿಗಿಲ್ಲ. ನಮ್ಮಲ್ಲಿ ಗುಂಪಿನ ಸವಾರಿಯ ಕೊನೆಯಲ್ಲಿ ಒಬ್ಬರ ಹಿಂದೆ ಅಂಟಿಕೊಂಡಿದ್ದು ಕೊನೆಯ ನೂರು ಮೀಟರಿನಲ್ಲಿ ಹೊರಬಿದ್ದು ಪಡೆದ ವೇಗವೂ ಇದೇ ಜಾತಿಯದು, ಒಂಟಿ ಸ್ಪ್ರಿಂಟ್‌ಗಿಂತ ನಾಲ್ಕೈದು ಕಿ.ಮೀ. ಹೆಚ್ಚು ಬಂದರೆ ಆಶ್ಚರ್ಯವಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ಹ್ಯಾರಿ ಲಾವ್ರೇಸನ್ 200 ಮೀಟರನ್ನು 9.088 ಸೆಕೆಂಡಿನಲ್ಲಿ ದಾಟಿದ್ದು ಗಂಟೆಗೆ 79 ಕಿ.ಮೀ.ಗೂ ಮೇಲೆ, ಅದು ಸೈಕಲ್ ರೇಸಿಗೆಂದೇ ಕಟ್ಟಿದ ಅಂಕಣವಾದ ವೆಲೊಡ್ರೋಮ್‌ನ ಓರೆಗೋಡೆಯ ಎತ್ತರದಿಂದ ಇಳಿದು ಬಂದ ವೇಗ, ರಸ್ತೆಯವರು ಅದನ್ನು ಹೋಲಿಕೆಗೆ ತೆಗೆದುಕೊಳ್ಳಬಾರದು. ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಇಟಲಿಯ ಫಿಲಿಪ್ಪೊ ಗಾನ್ನಾ. 2022ರ ಅಕ್ಟೋಬರ್‌ನಲ್ಲಿ ಆತ ಒಂದು ಇಡೀ ಗಂಟೆಯಲ್ಲಿ 56.792 ಕಿ.ಮೀ. ಕ್ರಮಿಸಿದ. ನಮ್ಮ ಏರಿಯ ಅತ್ಯಂತ ಗಟ್ಟಿ ಹುಡುಗ ಎರಡು ಸೆಕೆಂಡ್ ಕೂಡ ತಲುಪದ ವೇಗ ಅದು. ಅವನ ಸೈಕಲ್ಲು, ಭಂಗಿ, ಉಡುಪು ಬೇರೆಯೇ ಎಂದು ಸಮಾಧಾನಪಟ್ಟುಕೊಳ್ಳಬಹುದು, ಆದರೂ ಒಂದು ಗಂಟೆ ಒಂದು ಗಂಟೆಯೇ.

ಎತ್ತರದ ವಿಷಯವನ್ನೂ ಹೇಳಿಬಿಡುತ್ತೇನೆ. ಕೋಲಾರ ಸಮುದ್ರ ಮಟ್ಟಕ್ಕಿಂತ ಸುಮಾರು 820 ಮೀಟರ್ ಮೇಲಿದೆ, ಇಲ್ಲಿನ ಗಾಳಿ ಕಡಲತೀರದ ಗಾಳಿಗಿಂತ ನೂರಕ್ಕೆ ಒಂಬತ್ತರಷ್ಟು ತೆಳು. ಮಂಗಳೂರಿನಲ್ಲಿ ಅದೇ ಶಕ್ತಿಗೆ ಐವತ್ತೈದರ ಮೇಲೆ ಒಂದೂವರೆ ಕಿ.ಮೀ. ಕಡಿಮೆ ಬರುತ್ತದೆ. ಕರಾವಳಿಯ ಗೆಳೆಯರು ತಮ್ಮ ಅಂಕಿಗಳನ್ನು ಕಳಿಸಿದಾಗ ನಾನು ಅಷ್ಟನ್ನು ಕೂಡಿಸಿಯೇ ನೋಡುತ್ತೇನೆ.

ಇನ್ನು ವಸ್ತುವಿನ ಗುಣದೋಷ. ಕೂಡಿಸುವುದು ಎರಡು ನಿಮಿಷದ ಕೆಲಸ, ತೂಕ ಗಮನಕ್ಕೂ ಬಾರದಷ್ಟು. ಮುಂದಿನ ಚಕ್ರಕ್ಕೆ ಕಟ್ಟುವುದನ್ನು ನಾನು ಶಿಫಾರಸು ಮಾಡುತ್ತೇನೆ: ಹ್ಯಾಂಡಲ್ ಹತ್ತಿರವಿರುವುದರಿಂದ ಸಂಕೇತ ಕಡಿಯುವುದಿಲ್ಲ, ಚೈನಿನ ಎಣ್ಣೆಮಸಿ ತಾಗುವುದಿಲ್ಲ, ಎದ್ದು ನಿಂತು ತುಳಿಯುವಾಗ ಹಿಂದಿನ ಚಕ್ರ ಜಿಗಿದು ಜಾರುವ ಸಂದರ್ಭದಲ್ಲೂ ಅಂಕಿ ಕೆಡುವುದಿಲ್ಲ. ಮನೆಯೊಳಗೆ, ಸೈಕಲ್ಲನ್ನು ನಿಂತಲ್ಲೇ ತುಳಿಯಲು ಬಿಡುವ ಟ್ರೈನರ್ ಮೇಲೆ ಓಡಿಸುವವರು ಮಾತ್ರ ಹಿಂದಿನ ಚಕ್ರಕ್ಕೆ ಕಟ್ಟಬೇಕಾಗುತ್ತದೆ. ಸೆನ್ಸರ್ ನಿದ್ದೆಯಿಂದ ಏಳಲು ಕೆಲವು ಸುತ್ತು ತೆಗೆದುಕೊಳ್ಳುತ್ತದೆ, ಸ್ಪ್ರಿಂಟ್‌ಗೆ ಮುಂಚೆ ಹೇಗೂ ಮೈ ಬಿಸಿ ಮಾಡಿಕೊಳ್ಳುವುದರಿಂದ ಅದು ತೊಂದರೆಯಲ್ಲ. ಬ್ಲೂಟೂತ್‌ನಲ್ಲಿ ನನ್ನದು ಒಂದು ಹೊತ್ತಿಗೆ ಒಂದೇ ಉಪಕರಣದೊಂದಿಗೆ ಮಾತಾಡುತ್ತದೆ. ಫೋನ್ ಮೊದಲೇ ಹಿಡಿದುಕೊಂಡಿದ್ದರೆ ಕಂಪ್ಯೂಟರ್‌ಗೆ ಸಿಗುವುದಿಲ್ಲ. ಆಂಟ್ ಪ್ಲಸ್ ಇರುವ ಕಂಪ್ಯೂಟರ್ ಇದ್ದರೆ ಈ ಜಗಳವೇ ಇಲ್ಲ.

ಒಂದು ವಿಚಿತ್ರವನ್ನು ಗಮನಿಸಬೇಕು. ಈ ಅಗ್ಗದ ಸೆನ್ಸರ್‌ಗಳಲ್ಲಿ ಹಲವು ವೇಗವನ್ನೂ ಅಳೆಯುತ್ತವೆ, ಪೆಡಲ್ ಸುತ್ತನ್ನೂ ಅಳೆಯುತ್ತವೆ, ಆದರೆ ಒಮ್ಮೆಗೆ ಒಂದನ್ನು ಮಾತ್ರ. ಬ್ಯಾಟರಿ ತೆಗೆದು ಮತ್ತೆ ಹಾಕಿದಾಗ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತವೆ, ದೀಪದ ಬಣ್ಣದಿಂದ ಯಾವುದೆಂದು ತಿಳಿಯಬೇಕು. ಬ್ಯಾಟರಿ ಬದಲಿಸಿದ ಬೆಳಿಗ್ಗೆ ವೇಗವೇ ಬರುತ್ತಿಲ್ಲವೆಂದು ಸೆನ್ಸರನ್ನು ಹಿಂದಿರುಗಿಸಿದವರನ್ನು ನಾನು ಬಲ್ಲೆ. ಬಾಕ್ಸಿನಲ್ಲಿರುವ ಸೂಚನೆಯ ಹಾಳೆಯಲ್ಲಿ ಈ ವಿಷಯ ಭೂತಗನ್ನಡಿಗೂ ಕಷ್ಟವಾಗುವ ಅಕ್ಷರದಲ್ಲಿದೆ. ಬ್ಯಾಟರಿ ಸಿಆರ್ 2032, ವಾಚ್ ಅಂಗಡಿಯಲ್ಲಿ ಸಿಗುವ ನಾಣ್ಯದಾಕಾರದ್ದೇ.

ನನ್ನ ನಿಜವಾದ ದೂರು ಇರುವುದು ಪಟ್ಟಿ ಮತ್ತು ಮುಚ್ಚಳದ ಮೇಲೆ. ನಮ್ಮ ಬೇಸಿಗೆಯ ಬಿಸಿಲಿಗೆ ರಬ್ಬರ್ ಪಟ್ಟಿ ಒಂದು ವರ್ಷವೂ ತುಂಬುವ ಮುಂಚೆ ಬಿರುಕು ಬಿಟ್ಟಿತು. ಮುಚ್ಚಳದ ಸೀಳಿಗೆ ರೂಪಾಯಿ ನಾಣ್ಯ ಹಾಕಿ ತಿರುಗಿಸಿದರೆ ಪ್ಲಾಸ್ಟಿಕ್ ಸವೆಯುತ್ತದೆ. ಇನ್ನೆರಡು ಬ್ಯಾಟರಿ ಬದಲಿಸುವ ಹೊತ್ತಿಗೆ ಅದು ತೆರೆಯುವುದೇ ಇಲ್ಲವೇನೋ ಎಂಬ ಅನುಮಾನವಿದೆ. ಮಾರಿದವರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಮಳೆಯಲ್ಲಿ ಓಡಿಸಿದ್ದೇನೆ, ನೀರು ಒಳಹೋಗಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಸುಗ್ಗಿಯ ಕಾಲದಲ್ಲಿ ಮಾತ್ರ ಜಾಗ್ರತೆ: ನಮ್ಮ ಹಳ್ಳಿ ರಸ್ತೆಗಳ ಮೇಲೆ ಒಕ್ಕಣೆಗೆಂದು ಹರಡಿದ ಹುರುಳಿ, ರಾಗಿಯ ಮೇಲೆ ಹಾದು ಬಂದರೆ ಹುರುಳಿಯ ಬಳ್ಳಿ ಹಬ್‌ಗೆ ಸುತ್ತಿಕೊಂಡು ಸೆನ್ಸರನ್ನು ಓರೆಗೆ ತಳ್ಳುತ್ತದೆ. ಅಳತೆ ತಪ್ಪುವುದಿರಲಿ, ಆ ವೇಗದಲ್ಲಿ ಮುಂದಿನ ಚಕ್ರಕ್ಕೆ ಏನಾದರೂ ಸಿಕ್ಕಿಕೊಂಡರೆ ಹೆಲ್ಮೆಟ್ ಒಂದೇ ಗತಿ. ಒಕ್ಕಣೆ ನಡೆಯುವ ರಸ್ತೆಯಲ್ಲಿ ಸ್ಪ್ರಿಂಟ್ ಬೇಡವೇ ಬೇಡ.

ಯಾರು ಕೊಳ್ಳಬೇಕು? ನಂದಿ ಬೆಟ್ಟ ಹತ್ತುವುದೇ ಸೈಕ್ಲಿಂಗ್ ಎಂದುಕೊಂಡಿರುವವರಿಗೆ ಇದು ಬೇಡ, ಏರಿನ ನಿಧಾನದಲ್ಲಿ ಗಡಿಯಾರವೊಂದಿದ್ದರೆ ಸಾಕು. ತುಳಿತದ ಶಕ್ತಿಯನ್ನು ವ್ಯಾಟ್‌ನಲ್ಲಿ ಅಳೆಯುವ ಪವರ್ ಮೀಟರ್ ಇರುವವರು ಕೊಳ್ಳಲೇಬೇಕು, ವ್ಯಾಟ್ ಮತ್ತು ವೇಗ ಎರಡನ್ನೂ ಒಟ್ಟಿಗೆ ನೋಡಿದಾಗಲೇ ತಮ್ಮ ಭಂಗಿ ಎಷ್ಟು ಗಾಳಿ ತಿನ್ನುತ್ತಿದೆ ಎಂಬುದು ತಿಳಿಯುತ್ತದೆ. ಹೊಸ ಚಕ್ರಕ್ಕೆ, ಹೊಸ ಟಯರ್‌ಗೆ ದುಡ್ಡು ಹಾಕಲು ಹೊರಟಿರುವ ಉಳಿದವರು ಅದಕ್ಕೂ ಮೊದಲು ಇದಕ್ಕೆ ಎರಡು ಸಾವಿರ ಕೊಟ್ಟು, ಹಳೆಯ ಚಕ್ರದ ವೇಗವನ್ನು ಏರಿಯ ಮೇಲೆ ಎರಡು ದಿಕ್ಕಿನಲ್ಲಿ ಬರೆದಿಟ್ಟುಕೊಳ್ಳಲಿ. ಅಂಗಡಿಯವರು ಹೇಳಿದ ಲಾಭ ಬಂತೋ ಇಲ್ಲವೋ ಎಂದು ಆಮೇಲೆ ಹೋಲಿಸಿ ನೋಡಬಹುದು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಒಂದನ್ನು ಕಳೆದದ್ದು ಪಟ್ಟಿ ಮತ್ತು ಮುಚ್ಚಳಕ್ಕಾಗಿ. ತರಿಸಿಕೊಳ್ಳುವಾಗ ಒಂದೆರಡು ಹೆಚ್ಚಿನ ಪಟ್ಟಿಗಳನ್ನೂ ಸೇರಿಸಿಯೇ ತರಿಸಿಕೊಳ್ಳಿ, ಬಿಡಿಯಾಗಿ ಅವು ಕೋಲಾರದಲ್ಲಿ ಎಲ್ಲೂ ನನಗೆ ಸಿಕ್ಕಿಲ್ಲ.